15 ಬಾರ್, 20 ಬಾರ್: ಡಬ್ಬದ ಮೇಲಿನ ಸಂಖ್ಯೆ ನೋಡಿ ಎಸ್ಪ್ರೆಸೊ ಮೆಷಿನ್ ಆರಿಸಬಹುದಾ?

ಪ್ರಶ್ನೆ:
ನೋಡಿಟ್ಟಿರೋ ಎರಡು ಮೆಷಿನ್‌ಗಳಲ್ಲಿ ಒಂದು 15 ಬಾರ್ (ಒತ್ತಡದ ಅಳತೆ), ಥರ್ಮೋಬ್ಲಾಕ್, ಅಂದ್ರೆ ನೀರು ಹರಿಯುತ್ತಿರುವಾಗಲೇ ಕಾಯಿಸೋದು. ಇನ್ನೊಂದು 20 ಬಾರ್, ಒಂದೇ ಬಾಯ್ಲರ್, ಅಂದ್ರೆ ಕಾಫಿಗೂ ಹಬೆಗೂ ಒಂದೇ ಪಾತ್ರೆಯಲ್ಲಿ ನೀರು ಕಾಯಿಸೋದು. ದಿನಕ್ಕೆ ಎರಡು ಕಪ್ ಬೇಕು, ಅದರಲ್ಲೊಂದು ಹಾಲಿನದು. ಬಾರ್ ಜಾಸ್ತಿ ಇದ್ದಷ್ಟೂ ಒಳ್ಳೇದಾ? ಬ್ಲೇಡ್ ಗ್ರೈಂಡರ್ ಇದೆ, ಅದು ಸಾಕಾಗುತ್ತಾ?

ಉತ್ತರ 1:
ಬಾರ್ ಲೆಕ್ಕ ಮರೆತುಬಿಡಿ. ಅದು ಪಂಪ್ ಎಷ್ಟು ಒತ್ತಡ ಕೊಡಬಲ್ಲದು ಅನ್ನೋದರ ಗರಿಷ್ಠ ಮಿತಿ ಅಷ್ಟೆ. ಪುಡಿಯ ಮೇಲೆ ಬೇಕಿರೋದು ಸುಮಾರು 9 ಬಾರ್. ಒಳ್ಳೆ ಮೆಷಿನ್‌ನಲ್ಲಿ ಹೆಚ್ಚಾದ ಒತ್ತಡವನ್ನು ಹೊರಬಿಡೋ ವಾಲ್ವ್ ಇರುತ್ತೆ, ಅದು ಇದೆಯಾ ಅಂತ ಕೇಳಿ.

ಬ್ಲೇಡ್ ಗ್ರೈಂಡರ್ ಖಂಡಿತ ಆಗಲ್ಲ. ಅದು ಬೀಜ ಅರೆಯೋದಿಲ್ಲ, ಕೊಚ್ಚುತ್ತೆ. ಹಿಟ್ಟೂ ನುಚ್ಚೂ ಒಟ್ಟಿಗೆ ಬೀಳುತ್ತೆ. ನುಚ್ಚಿನಿಂದ ಹುಳಿ, ಹಿಟ್ಟಿನಿಂದ ಕಹಿ, ಎರಡೂ ಒಂದೇ ಕಪ್‌ನಲ್ಲಿ. ಬಜೆಟ್‌ನ ಅರ್ಧ ಬರ್ ಗ್ರೈಂಡರ್‌ಗೇ (ಎರಡು ಹಲ್ಲಿನ ಚಕ್ರಗಳ ನಡುವೆ ಬೀಜ ಅರೆಯೋದು) ಇಡಿ, ಹೊಂದಾಣಿಕೆಯ ಹಂತಗಳು ತೀರಾ ಸಣ್ಣದಾಗಿರಬೇಕು.

ಇನ್ನೊಂದು ಮೋಸ ಬಾಸ್ಕೆಟ್‌ನಲ್ಲಿ, ಅಂದ್ರೆ ಪುಡಿ ತುಂಬೋ ತೂತಿನ ಬಟ್ಟಲಲ್ಲಿ. ಅಗ್ಗದ ಮೆಷಿನ್ ಜೊತೆ ಸಾಮಾನ್ಯವಾಗಿ ಬರೋದು ಎರಡು ಗೋಡೆಯದು, ತಳದಲ್ಲಿ ಒಂದೇ ಸೂಜಿತೂತು. ಎಂಥ ಪುಡಿ ಹಾಕಿದರೂ ನೊರೆ ಬರುತ್ತೆ, ಆದರೆ ಅದು ಕ್ರೆಮಾ (ಎಸ್ಪ್ರೆಸೊ ಮೇಲಿನ ನಿಜವಾದ ಕೆನೆನೊರೆ) ಅಲ್ಲ. ಒಂದು ಗೋಡೆಯ ಬಾಸ್ಕೆಟ್ ಸಿಗುತ್ತಾ ಅಂತ ಮೊದಲೇ ಖಚಿತ ಮಾಡ್ಕೊಳ್ಳಿ. ಬಾಸ್ಕೆಟ್ 58 ಮಿ.ಮೀ. ಅಳತೆಯದಾದರೆ ಬಿಡಿಭಾಗಕ್ಕೆ ಪರದಾಟ ಇರಲ್ಲ.

ಉತ್ತರ 2:
ಎರಡು ಕಪ್‌ಗೆ ಥರ್ಮೋಬ್ಲಾಕ್ ಸಾಕು, ಬೇಗ ಕಾಯುತ್ತೆ. ಬಾಯ್ಲರ್ ಆದರೆ ದೀಪ ಬಂತು ಅಂತ ಶುರು ಮಾಡಬೇಡಿ, ಗ್ರೂಪ್ ಹೆಡ್ (ಬಿಸಿನೀರು ಹೊರಬರೋ ಭಾಗ) ಮತ್ತು ಪೋರ್ಟಾಫಿಲ್ಟರ್ (ಬಾಸ್ಕೆಟ್ ಕೂರಿಸೋ ಹಿಡಿ) ಕಾಯೋಕೆ ಇನ್ನೂ 15 ನಿಮಿಷ ಬೇಕು. ಒಂದೇ ಬಾಯ್ಲರ್‌ನಲ್ಲಿ ಮೊದಲು ಎಸ್ಪ್ರೆಸೊ, ಆಮೇಲೆ ಹಬೆ. ಉಲ್ಟಾ ಮಾಡಿದರೆ ನೀರು ವಿಪರೀತ ಬಿಸಿಯಾಗಿರುತ್ತೆ. ಸುಯ್‌ಗುಟ್ಟೋದು ನಿಲ್ಲೋ ತನಕ ನೀರು ಹರಿಸಿ ತಣಿಸಬೇಕು. ಎರಡು ಬಾಯ್ಲರ್‌ನದು ನಿಮಗೆ ದುಂದು.

ಪ್ರಶ್ನೆ ಕೇಳಿದವರು:
ಬರ್ ಗ್ರೈಂಡರ್ ಬಂತು, ಒಂದು ಗೋಡೆಯ ಬಾಸ್ಕೆಟ್ಟೂ ಬಂತು. 18 ಗ್ರಾಂ ಪುಡಿ ಹಾಕಿದರೆ 36 ಗ್ರಾಂ ಕಾಫಿ ಬರೀ 14 ಸೆಕೆಂಡಿಗೆ ಇಳಿಯುತ್ತೆ, ಹುಳಿ. ತಳದಿಂದ ಪಿಚಕಾರಿ ಥರ ಸಿಡಿಯುತ್ತೆ ಬೇರೆ. ಉಷ್ಣತೆ ಏರಿಸಲಾ?

ಉತ್ತರ 3:
ಉಷ್ಣತೆ ಮುಟ್ಟಬೇಡಿ. 18ಕ್ಕೆ 36 ಹಾಗೇ ಇರಲಿ, ಪುಡಿ ಮಾತ್ರ ಇನ್ನೂ ನುಣ್ಣಗೆ ಮಾಡಿ, 25ರಿಂದ 30 ಸೆಕೆಂಡಿಗೆ ಬರೋ ತನಕ. ಪ್ರತಿ ಸಲ ಬದಲಾಯಿಸಿದಾಗ ಮೊದಲ ಮೂರ್ನಾಲ್ಕು ಗ್ರಾಂ ಎಸೀರಿ. ಗ್ರೈಂಡರ್ ಒಳಗೆ ಹಳೇ ಪುಡಿ ಉಳಿದಿರುತ್ತೆ, ಅದೇ ದಾರಿ ತಪ್ಪಿಸೋದು.

ಸಿಡಿಯೋದು ಚಾನೆಲಿಂಗ್. ಪುಡಿಯಲ್ಲಿ ಸಡಿಲ ಜಾಗ ಸಿಕ್ಕಲ್ಲಿ ನೀರು ನುಗ್ಗುತ್ತೆ, ಉಳಿದ ಪುಡಿ ಹಾಗೇ ಉಳಿಯುತ್ತೆ. ಅರ್ಧ ಮಿ.ಮೀ.ಗಿಂತ ತೆಳು ಸೂಜಿಗಳಿಂದ ತಳದವರೆಗೂ ಕೆದಕಿ, ಗಂಟು ಒಡೆದು, ಮೇಲ್ಮೈ ಸಮ ಮಾಡಿ, ಆಮೇಲೆ ನೇರವಾಗಿ ಒತ್ತಿ. ಓರೆಯಾಗಿ ಒತ್ತಿದ್ದರೆ ಎಷ್ಟು ಬಲ ಹಾಕಿದರೂ ಪ್ರಯೋಜನ ಇಲ್ಲ.

ಸಮಯ ಸರಿಯಾದ ಮೇಲೂ ಹುಳಿ ಇದ್ದರೆ ಕಪ್‌ಗೆ 36ರ ಬದಲು 40 ಗ್ರಾಂ ಕಾಫಿ ಬೀಳೋ ತನಕ ಬಿಟ್ಟು ನೋಡಿ, ಆಮೇಲೆ ಬೇಕಾದರೆ ಉಷ್ಣತೆ. ತಿಳಿ ಹುರಿತಕ್ಕೆ 94-95 ಡಿಗ್ರಿ ಹೊಂದುತ್ತೆ, ಕಡು ಹುರಿತಕ್ಕೆ 90ರ ಆಸುಪಾಸು. ಹುರಿದು ಎರಡು ದಿನ ಆಗಿರೋ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತೆ, ಹರಿವು ಒಂದೇ ಥರ ಇರಲ್ಲ. ಒಂದು ವಾರ ಕಾಯಿರಿ.

ಉತ್ತರ 1:
ಸೆಕೆಂಡು ಸಾಮಾನ್ಯವಾಗಿ ಎಣಿಸೋದು ಪಂಪ್ ಒತ್ತಿದ ಕ್ಷಣದಿಂದ, ಮೊದಲ ಹನಿ ಬಿದ್ದಾಗಿಂದ ಅಲ್ಲ. ಹೇಗೇ ಎಣಿಸಿದರೂ ಪ್ರತಿ ಸಲ ಅದೇ ರೀತಿ ಪಾಲಿಸಿ, ಇಲ್ಲದಿದ್ದರೆ ಹೋಲಿಕೆಯೇ ಆಗಲ್ಲ. ಮತ್ತೆ, ನಿಮ್ಮ ಮೆಷಿನ್‌ನಲ್ಲಿ ಮೂರು ದಾರಿಯ ಸೊಲೆನಾಯ್ಡ್ ವಾಲ್ವ್ (ಪಂಪ್ ನಿಂತಾಗ ಉಳಿದ ಒತ್ತಡ ಹೊರಬಿಡೋದು) ಇಲ್ಲದಿದ್ದರೆ ಕಾಫಿ ಇಳಿದು ಮುಗಿದ ಕೂಡಲೇ ಪೋರ್ಟಾಫಿಲ್ಟರ್ ತೆಗೀಬೇಡಿ. ಒಳಗೆ ಒತ್ತಡ ಉಳಿದಿರುತ್ತೆ, ಬಿಸಿ ಪುಡಿ ಮುಖಕ್ಕೇ ಹಾರುತ್ತೆ. ಬ್ಯಾಕ್‌ಫ್ಲಶ್ (ತೂತಿಲ್ಲದ ಬಾಸ್ಕೆಟ್ ಹಾಕಿ ಪಂಪ್ ಓಡಿಸಿ ಒಳಗೆ ತೊಳೆಯೋದು) ಕೂಡ ಆ ವಾಲ್ವ್ ಇದ್ದರೆ ಮಾತ್ರ.