ಟೀಚರ್ ಆಗಿದ್ದವರು ಕೌನ್ಸೆಲಿಂಗ್ ಕಡೆ ಹೋಗೋದು ಹೇಗೆ? ಯಾರಾದ್ರೂ ಹೋಗಿದ್ದೀರಾ?

ಬೀಜಗಣಿತ:
ಎಲ್ಲರಿಗೂ ನಮಸ್ಕಾರ. ಹಾವೇರಿ ಕಡೆ ಒಂದು ಹೈಸ್ಕೂಲಲ್ಲಿ 13 ವರ್ಷದಿಂದ ಗಣಿತ ಹೇಳ್ತಿದ್ದೀನಿ, ಎಮ್ಮೆಸ್ಸಿ ಬಿಎಡ್. ಈಗೆರಡು ವರ್ಷದಿಂದ ಮಕ್ಕಳು ಲೆಕ್ಕ ಕೇಳೋ ನೆಪದಲ್ಲಿ ಸ್ಟಾಫ್ ರೂಮಿಗೆ ಬರ್ತಾರೆ, ನೋಟ್ಸ್ ತೆಗೀತಾರೆ, ಆಮೇಲೆ ಮನೆ ವಿಷಯ ಶುರುವಾಗುತ್ತೆ. ಮೊನ್ನೆ ಒಂಬತ್ತನೇ ಕ್ಲಾಸಿನ ಹುಡುಗಿ ತ್ರಿಭುಜ ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ, ಕೊನೆಗೆ ಹಾಳೆ ತೂತು ಬಿತ್ತು, ಆಮೇಲೆ ತಲೆ ಎತ್ತದೇ "ಟೀಚರ್, ಈ ವರ್ಷ ಮುಗಿದ್ಮೇಲೆ ನನ್ನ ಶಾಲೆ ಬಿಡಿಸ್ತಾರಂತೆ" ಅಂದ್ಲು. ನಾನೋ, ಧೈರ್ಯವಾಗಿರು, ಚೆನ್ನಾಗಿ ಓದು, ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ ಅಂತ ಹತ್ತು ನಿಮಿಷ ಭಾಷಣ ಬಿಗಿದೆ. ಹ್ಞೂ ಅಂತ ಎದ್ದು ಹೋದವಳು ಮತ್ತೆ ಈ ಕಡೆ ತಿರುಗಿ ನೋಡಿಲ್ಲ. ಎಲ್ಲೋ ಎಡವಿದ್ದೀನಿ ಅನ್ನಿಸ್ತಿದೆ, ಸರಿಯಾಗಿ ಕಲೀಬೇಕು ಅಂತ ಆಸೆ. ಸೈಕಾಲಜಿಲಿ ಪೂರ್ತಿ ಎಂಎ ಮಾಡ್ಲೇಬೇಕಾ? ನಮ್ಮನೆಯವರು "ಅದಕ್ಕೆ ಸಂಬಳ ಯಾರು ಕೊಡ್ತಾರೆ" ಅಂತಿದಾರೆ.

ಮಾನಸಗಂಗೋತ್ರಿ ಹಳೇಬಳ್ಳಿ:
ಮೇಡಂ, ನಾನು ಕನ್ನಡ ಮೇಷ್ಟ್ರು, ಕೇಂದ್ರದ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿ ನಡೆಸೋ ಗೈಡೆನ್ಸ್ ಅಂಡ್ ಕೌನ್ಸೆಲಿಂಗ್ ಡಿಪ್ಲೊಮಾ ಮಾಡಿದೆ, ಒಂದು ವರ್ಷದ್ದು, ನಮಗೆ ಸೆಂಟರ್ ಮೈಸೂರಿನ ಆರ್‌ಐಇ, ಅಂದ್ರೆ ಅವರದೇ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಸರ್ವಿಸಲ್ಲಿರೋ ಟೀಚರ್‌ಗಳಿಗೂ ಅವಕಾಶ ಇದೆ. ಮೊದಲ ಆರು ತಿಂಗಳು ಮನೇಲೇ ಓದಿ ಅಸೈನ್‌ಮೆಂಟ್ ಕಳಿಸೋದು, ಮೂರು ತಿಂಗಳು ಅಲ್ಲೇ ಇದ್ದು ಕಲಿಯೋದು, ಇನ್ನು ಮೂರು ತಿಂಗಳು ನಮ್ಮೂರಲ್ಲೇ ಇಂಟರ್ನ್‌ಶಿಪ್. ರಜೆ ಸಿಗೋದೇ ದೊಡ್ಡ ಪಾಡು, ಅದನ್ನ ಈಗ್ಲೇ ವಿಚಾರಿಸಿಡಿ.

ಓದೋದು ಕಷ್ಟ ಆಗ್ಲಿಲ್ಲ, ಮೇಷ್ಟ್ರುತನ ಬಿಡೋದೇ ಕಷ್ಟ ಆಯ್ತು. ಜೊತೆಯವರನ್ನೇ ಎದುರು ಕೂರಿಸಿಕೊಂಡು ಪ್ರಾಕ್ಟೀಸ್ ಮಾಡ್ತೀವಲ್ಲ, ಒಂದು ಸಲ ನಂದು ರೆಕಾರ್ಡ್ ಮಾಡಿ ಕೇಳಿಸಿದ್ರು, ಕಾಲು ಗಂಟೆಲಿ ಏಳು ಸಲ "ಯಾಕೆ" ಅಂತ ಕೇಳಿದ್ದೆ, ಅದೂ ಹೋಂವರ್ಕ್ ಯಾಕೆ ಮಾಡಿಲ್ಲ ಅನ್ನೋ ದನೀಲಿ! ನಾಚಿಕೆ ಆಯ್ತು. ಸಮಾಧಾನ ಹೇಳೋದು, ದಾರಿ ತೋರಿಸೋದು ನಮ್ಮ ಕೈಯಲ್ಲಿ ಅಂಟಿರೋ ಚಾಕ್ ಪುಡಿ ಥರ ಮೇಡಂ, ತೊಳೆದಷ್ಟೂ ಇರುತ್ತೆ.

ಇನ್ನೊಂದು, ಎಲ್ಲಾನೂ ಮನಸ್ಸಿನ ಸಮಸ್ಯೆ ಅಂದ್ಕೋಬೇಡಿ. ನಮ್ಮಲ್ಲೊಬ್ಬ ಹುಡುಗನ್ನ ಸೋಮಾರಿ ಅಂತ ನಾನೇ ಎರಡು ವರ್ಷ ಬೈದಿದ್ದೆ. ಬಾಯಲ್ಲಿ ಕೇಳಿದ್ರೆ ಉತ್ತರ ಸರಿ, ಬೋರ್ಡಿಂದ 52 ನೋಡಿ ಬರಿ ಅಂದ್ರೆ 25. ಕೋರ್ಸಿಂದ ಬಂದ್ಮೇಲೆ ತಲೆಗೆ ಹೋಯ್ತು, ಪರೀಕ್ಷೆ ಮಾಡಿಸಿದ್ರೆ ಕಲಿಕಾ ನ್ಯೂನತೆ, ಅಂದ್ರೆ ಬುದ್ಧಿ ಇದ್ರೂ ಓದು, ಬರಹ, ಲೆಕ್ಕ ತೊಡಕಾಗೋದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಲಿ ಅದೂ ಸೇರಿದೆ, ಸರ್ಟಿಫಿಕೇಟ್ ಇದ್ರೆ ಎಸ್ಸೆಸ್ಸೆಲ್ಸಿಲಿ ಹೆಚ್ಚು ಟೈಮ್ ಸಿಗುತ್ತೆ. ಪಾಸಾದ ಅಂತ ಅವರಮ್ಮ ಪೇಡ ತಂದು ಕೊಟ್ರು, ಬೈದಿದ್ದು ನೆನಪಾಗಿ ತಿನ್ನೋಕೇ ಆಗ್ಲಿಲ್ಲ.

ನೇರನುಡಿ:
ಬೇಜಾರಾಗ್ಬೇಡಿ, ಸಂಬಳದ ವಿಷಯದಲ್ಲಿ ನಿಮ್ಮನೆಯವರು ಹೇಳೋದು ಸುಳ್ಳಲ್ಲ. ನಾನು ನೋಡಿದ ಕೆಲವು ಖಾಸಗಿ ಶಾಲೆಲಿ ಕೌನ್ಸೆಲರ್ ಅಂತ ಬೋರ್ಡ್ ಇರುತ್ತೆ, ಆದ್ರೆ ಟೀಚರ್ ರಜೆ ಹಾಕಿದ್ರೆ ಅವರನ್ನೇ ಕ್ಲಾಸಿಗೆ ಕಳಿಸ್ತಾರೆ, ಮಗು ಹೇಳಿದ್ದನ್ನ ಮ್ಯಾನೇಜ್‌ಮೆಂಟ್‌ಗೆ ಒಪ್ಪಿಸಿ ಅಂತಾರೆ. ಕೆಲಸ ಬಿಟ್ಟು ಹಾರ್ಬೇಡಿ, ಟೀಚರ್ ಆಗಿದ್ಕೊಂಡೇ ಮಾಡಿ. ಡಿಪ್ಲೊಮಾ ಆಯ್ತು ಅಂತ ಡಿಪ್ರೆಶನ್‌ಗೆಲ್ಲ ನೀವೇ ಕೈ ಹಾಕೋದೂ ಬೇಡ, ಅದಕ್ಕೆ ಡಾಕ್ಟ್ರಿದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, 2022ರಿಂದ ನಡೀತಿದೆ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು, ನಂಬರ್ ಗೋಡೆ ಮೇಲೆ ಬರೆಸಿ.

ಸಂಜೆಮಲ್ಲಿಗೆ:
ಎಲ್ರೂ ಕೋರ್ಸ್ ಬಗ್ಗೆ ಮಾತಾಡ್ತಿದೀರಿ, ಆ ಹುಡುಗಿ ಕಥೆ ಏನು? ಒಂಬತ್ತನೇ ಕ್ಲಾಸು, ಶಾಲೆ ಬಿಡಿಸ್ತಾರೆ ಅಂದ್ರೆ ನನಗೆ ಮೊದಲು ಹೊಳೆಯೋದು ಮದುವೆ. ನಾನು ಹಾಸ್ಟೆಲ್ ವಾರ್ಡನ್ ಆಗಿದ್ದೆ, ಈ ಮಾತು ಎಷ್ಟು ಸಲ ಕೇಳಿದ್ದೀನೋ. ಅಕ್ಕ, ದಯವಿಟ್ಟು ಸೀದಾ ಅಪ್ಪನ ಹತ್ರ ಹೋಗ್ಬೇಡಿ, ಅವಳು ಮನೇಲಿ ಏಟು ತಿಂತಾಳೆ, ಇಲ್ಲಾ ಮದುವೆ ಡೇಟ್ ಇನ್ನೂ ಬೇಗ ಇಟ್ಟು ರಾತ್ರೋರಾತ್ರಿ ಮುಗಿಸಿಬಿಡ್ತಾರೆ. ಅಂಥದ್ದೇ ಆಗಿದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಇಲ್ಲಾ ನಿಮ್ಮ ತಾಲೂಕಿನ ಸಿಡಿಪಿಒಗೆ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಹೇಳಿ. ಹಂಗೇ "ಯಾರಿಗೂ ಹೇಳಲ್ಲ" ಅಂತ ಆಣೆ ಮಾಡೋಕೆ ಹೋಗ್ಬೇಡಿ. ಮಗು ಮೇಲೆ ಲೈಂಗಿಕ ದೌರ್ಜನ್ಯ ಅಂತ ಗೊತ್ತಾದ್ರೆ ಪೊಲೀಸರಿಗೆ ತಿಳಿಸೋದು ಪೋಕ್ಸೋದಲ್ಲಿ, ಅಂದ್ರೆ ಮಕ್ಕಳನ್ನ ಲೈಂಗಿಕ ಅಪರಾಧದಿಂದ ಕಾಪಾಡೋ ಕಾಯ್ದೆಲಿ, ಕಡ್ಡಾಯ, ಸೆಕ್ಷನ್ 19. ನಿನ್ನ ಜೀವಕ್ಕೆ ತೊಂದ್ರೆ ಅಂದ್ರೆ ನಾನು ಒಬ್ಬರಿಗಾದ್ರೂ ಹೇಳ್ಬೇಕಾಗುತ್ತಮ್ಮ ಅಂತ ಮೊದಲೇ ಹೇಳ್ಬಿಡಿ.

ಬೀಜಗಣಿತ:
ಸಂಜೆಮಲ್ಲಿಗೆ ಅವರೇ, ನಿಮ್ಮ ಮಾತು ಓದಿ ರಾತ್ರಿ ನಿದ್ದೆ ಬರ್ಲಿಲ್ಲ. ಇವತ್ತು ಬಿಸಿಯೂಟ ಆದ್ಮೇಲೆ ಟೆಸ್ಟ್ ಪೇಪರ್ ಕಟ್ಟು ಕಟ್ಟೋಕೆ ದಾರ ಹಿಡ್ಕೋ ಬಾ ಅಂತ ಅವಳನ್ನೇ ಕರೆದೆ. ನೀವು ಹೇಳಿದಂಗೆ ಮೊದಲೇ ಹೇಳ್ದೆ, ಆಮೇಲೆ ಬಾಯಿ ಬಿಡ್ಲಿಲ್ಲ, ಮೂರು ಕಟ್ಟು ಮುಗಿಯೋವರೆಗೂ ಸುಮ್ನಿದ್ದೆ, ನನಗೇ ಉಸಿರು ಕಟ್ಟಿದಂಗಾಯ್ತು. ನಾಲ್ಕನೇ ಕಟ್ಟಿಗೆ ಅವಳೇ ಶುರು ಮಾಡಿದ್ಲು. ಸೋದರಮಾವನ ಮನೆ ವಿಷಯ, ಇಲ್ಲಿ ಅದಕ್ಕಿಂತ ಬರೆಯಲ್ಲ. ಹೆಡ್‌ಮಾಸ್ಟರ್ ಜೊತೆ ನಾಳೆ ಸಿಡಿಪಿಒ ಆಫೀಸಿಗೆ ಹೋಗ್ತಿದ್ದೀವಿ.

ಹಳೇಬಳ್ಳಿ ಸರ್, ಆ ಡಿಪ್ಲೊಮಾ ಅರ್ಜಿ ಕರೆದಾಗ ದಯವಿಟ್ಟು ಇಲ್ಲೇ ಒಂದು ಮಾತು ಹಾಕ್ತೀರಾ?