ಏರಿನಲ್ಲಿ ಒತ್ತಿ ತುಳಿದರೆ ಚೈನ್ ಜಾರುತ್ತಿದೆ, ಟ್ಯೂನಿಂಗ್ ಎರಡು ಸಲ ಆಯ್ತು, ದಯವಿಟ್ಟು ಹೇಳಿ

ಹುಣಸೂರು ರಸ್ತೆ:
ತಲೆ ಕೆಟ್ಟುಹೋಗಿದೆ. ಭಾನುವಾರ ನಮ್ಮ ಸೈಕಲ್ ಅಂಗಡಿಯ ಕ್ಲಬ್ ಜೊತೆ ಮೈಸೂರಿನಿಂದ ಮಡಿಕೇರಿಗೆ ಹೊರಟಿದ್ದೆ. 14 ಜನ, ಸುಮಾರು 120 ಕಿ.ಮೀ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದವರೆಗೂ ಏನೂ ತೊಂದರೆ ಇರಲಿಲ್ಲ. ಆಮೇಲೆ ಏರು ಶುರುವಾಯ್ತು ನೋಡಿ, ಒತ್ತಿ ತುಳಿದರೆ ಸಾಕು, 'ಕಟಕ್' ಅಂತ ಚೈನ್ ಜಾರುತ್ತದೆ. ಸುಂಟಿಕೊಪ್ಪ ದಾಟಿ ಎದ್ದು ನಿಂತು ತುಳಿಯುವಾಗ ಕಾಲ ಕೆಳಗಿನ ಪೆಡಲ್ ದಿಢೀರನೆ ಹಗುರಾಯ್ತು. ಮಂಡಿ ಹೋಗಿ ಹ್ಯಾಂಡಲ್‌ಗೆ ಬಡಿಯಿತು. ಹಿಂದೆಯೇ ಬರುತ್ತಿದ್ದವರು ರಸ್ತೆ ಬಿಟ್ಟು ಮಣ್ಣಿಗೆ ಇಳಿಸಿದ್ದರಿಂದ ಬಚಾವ್. ಅವರ ಮುಂದಿನ ಚಕ್ರಕ್ಕೂ ನನ್ನ ಹಿಂದಿನ ಚಕ್ರಕ್ಕೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ. ಟ್ಯೂನಿಂಗ್ ಎರಡು ಸಲ ಮಾಡಿಸಿದೆ, ಸರಿ ಹೋಗಿಲ್ಲ. ಗೇರ್ ಸೆಟ್ ಶಿಮಾನೊ ಸೋರಾ, 9 ಸ್ಪೀಡ್ (ಹಿಂದೆ 9 ಗೇರ್). ಏನು ಮಾಡಲಿ?

ಘಾಟಿ ಪ್ರಿಯ:
ಹ್ಯಾಂಗರ್ (ಹಿಂದೆ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ನೇತುಹಾಕುವ ಲೋಹದ ತುಂಡು) ಬಗ್ಗಿದೆ, ಬರೆದಿಟ್ಟುಕೊಳ್ಳಿ. ಸೈಕಲ್ ಬಲಕ್ಕೆ ಬಿದ್ದಿತ್ತಾ? ಕಾರಿನಲ್ಲಿ ಮಲಗಿಸಿ ತಂದಿದ್ರಾ? ಹಿಂದಿನಿಂದ ಫೋಟೊ ಹಾಕಿ.

ಹುಣಸೂರು ರಸ್ತೆ:
ಬಿದ್ದಿಲ್ಲ ಸರ್. ಫೋಟೊ ಹಾಕಿದ್ದೇನೆ.

ಘಾಟಿ ಪ್ರಿಯ:
ಫೋಟೊದಲ್ಲಿ ಕೆಳಗಿನ ಜಾಕಿ ವೀಲ್ (ಚೈನ್ ಸುತ್ತಿ ಹೋಗುವ ಪುಟ್ಟ ಚಕ್ರ) ಸ್ವಲ್ಪ ಒಳಗಡೆ ವಾಲಿದ ಹಾಗಿದೆ. ಅಲೈನ್‌ಮೆಂಟ್ ಗೇಜ್ ಹಾಕಿಸಿ. ನನ್ನ ಸೈಕಲ್‌ನಲ್ಲಿ ಎರಡು ಮಿಲಿಮೀಟರ್ ಬಗ್ಗಿದ್ದಕ್ಕೆ ಒಂದು ಇಡೀ ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ) ಹಾಳಾಯ್ತು.

ಕುಡ್ಲ ಸವಾರ:
ಮಾರಾಯ್ರೆ, ಒಂದು ಫೋಟೊ ನೋಡಿ ಎರಡು ಮಿಲಿಮೀಟರ್ ಹೇಳೋದು ಹೇಗೆ? ಮೊದಲು ಕೇಬಲ್ ನೋಡಿ. ಕೇಬಲ್ ಬಿಗಿ ಹೊಂದಿಸುವ ಬ್ಯಾರಲ್ ಅಡ್ಜಸ್ಟರ್ ಅರ್ಧ ಸುತ್ತು ತಿರುಗಿಸಿ ಓಡಿಸಿ ನೋಡಿ. ಹಾಗೇ ಚೈನ್ ಡೀಸೆಲ್‌ನಲ್ಲಿ ತೊಳೆಯಿರಿ. ನಮ್ಮ ಕಡೆ ಮಳೆಯಲ್ಲಿ ಕೆಂಪು ಮಣ್ಣು ಕೂತರೆ ಯಾವ ಗೇರೂ ನೆಟ್ಟಗೆ ಕೂರುವುದಿಲ್ಲ.

ಡಬಲ್ ಬಾಟಲ್:
ಡೀಸೆಲ್ ಬೇಡ, ಸೀಮೆಎಣ್ಣೆಯೇ ಒಳ್ಳೆಯದು. ಡೀಸೆಲ್ ಜಿಡ್ಡು ಉಳಿಯುತ್ತದೆ, ಮೇಲೆ ಹಾಕಿದ ಲೂಬ್ ಒಳಗೆ ಇಳಿಯುವುದಿಲ್ಲ.

ಕುಡ್ಲ ಸವಾರ:
ಎಂಟು ವರ್ಷದಿಂದ ಡೀಸೆಲ್ ಹಾಕ್ತಾ ಇದ್ದೇನೆ, ಏನೂ ಆಗಿಲ್ಲ. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ ಅಂತ ಹೇಳಿ ನೋಡುವ.

ಸ್ಟೀಲ್ ಫ್ರೇಮ್:
ಎಣ್ಣೆ ಜಗಳ ಆಮೇಲೆ ಆಡಿ. ಹುಣಸೂರು ರಸ್ತೆಯವರೇ, ಮೂರು ಪ್ರಶ್ನೆ. ಎಲ್ಲ ಗೇರಿನಲ್ಲೂ ಜಾರುತ್ತದಾ, ಕೆಲವೇ ಗೇರಿನಲ್ಲಾ? ತಾಳ ಹಾಕಿದ ಹಾಗೆ ಜಾರುತ್ತದಾ, ಇಲ್ಲ ಒತ್ತಿದಾಗ ಮಾತ್ರವಾ? ಇತ್ತೀಚೆಗೆ ಏನಾದರೂ ಬದಲಾಯಿಸಿದ್ದೀರಾ?

ತಾಳ ಯಾಕೆ ಕೇಳಿದೆ ಅಂದರೆ, ಪೆಡಲ್ ಕಡೆಯ ಹಲ್ಲುಚಕ್ರ, ಅಂದರೆ 34 ಹಲ್ಲಿನ ಚಿಕ್ಕ ಚೈನ್‌ರಿಂಗ್‌ನಲ್ಲಿ ಪೆಡಲ್ ಮೂರು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗಿದಾಗ ಚೈನ್ ಒಂದು ಪೂರ್ತಿ ಸುತ್ತು ಬರುತ್ತದೆ. ಒಂದು ಕೊಂಡಿ ಬಿಗಿಯಾಗಿದ್ದರೆ ಅದೇ ಲೆಕ್ಕದಲ್ಲಿ ಕಟಕ್, ಕಟಕ್ ಅನ್ನುತ್ತದೆ. ಎಲ್ಲ ಗೇರಿನಲ್ಲೂ ಜಾರಿದರೆ ಹಿಂದಿನ ಚಕ್ರದ ನಡುವಿನ ಫ್ರೀಹಬ್ ಒಳಗಿನ ನಾಯಿ (ತುಳಿದಾಗ ಚಕ್ರವನ್ನು ಹಿಡಿದು ತಿರುಗಿಸುವ ಕೊಕ್ಕೆ) ಹಿಡಿಯುತ್ತಿದೆಯಾ ಅಂತ ಬಿಚ್ಚಿ ನೋಡಬೇಕು.

ಘಾಟಿ ಪ್ರಿಯ:
ಹ್ಯಾಂಗರ್ ಬಗ್ಗಿದ್ದರೂ ಕೆಲವೇ ಗೇರಿನಲ್ಲಿ ಜಾರಬಹುದು. ನನ್ನ ಮಾತು ಅದೇ.

ನಸುಕಿನ ಸವಾರಿ:
ಇದಕ್ಕೇ ನಾನು 12 ಸ್ಪೀಡ್ ಎಲೆಕ್ಟ್ರಾನಿಕ್‌ಗೆ ಹೋದದ್ದು. ಕೇಬಲ್ ಗೋಳೇ ಇಲ್ಲ. ಈ ಸಲ 600 ಕಿ.ಮೀ. ಬ್ರೆವೆ 37 ಗಂಟೆಯಲ್ಲಿ ಮುಗಿಸಿದೆ. ಗಡುವು 40 ಗಂಟೆ, ಎರಡು ತಾಸು ಮಲಗಿಯೂ ಮೂರು ಗಂಟೆ ಉಳಿಯಿತು. ಫ್ರಾನ್ಸಿನ ದೊಡ್ಡ ಬ್ರೆವೆ, 2027ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ಗೆ ಈಗಿನಿಂದಲೇ ತಯಾರಿ.

ಡಬಲ್ ಬಾಟಲ್:
ಭೇಷ್! ಲೈಟ್ ಯಾವುದು? ಕರೆಂಟ್ ಚಕ್ರದೊಳಗಿನ ಡೈನಮೋ ಹಬ್‌ನಿಂದಲಾ, ಪವರ್ ಬ್ಯಾಂಕಿನಿಂದಲಾ?

ನಸುಕಿನ ಸವಾರಿ:
ಡೈನಮೋ ಹಬ್. ಬ್ಯಾಗ್ ಜೋಡಿಸಿದ್ದರ ಫೋಟೊ ಬೇರೆ ಎಳೆಯಲ್ಲಿ ಹಾಕುತ್ತೇನೆ.

ಹುಣಸೂರು ರಸ್ತೆ:
ಸ್ಟೀಲ್ ಫ್ರೇಮ್ ಸರ್, ಈಗ ಮನೆ ಮುಂದೆ ಓಡಿಸಿ ನೋಡಿ ಬಂದೆ. 16, 18, 21 ಹಲ್ಲಿನ ಗೇರಲ್ಲಿ ಜಾರುತ್ತದೆ. 28, 32ರಲ್ಲಿ ಇಲ್ಲ. ತಾಳ ಏನೂ ಇಲ್ಲ, ಒತ್ತಿದಾಗ ಮಾತ್ರ. ಬದಲಾಯಿಸಿದ್ದು ಏನಿಲ್ಲ, ಚೈನ್ ಬಿಟ್ಟರೆ. ರೈಡಿಗೆ ನಾಲ್ಕು ದಿನ ಮುಂಚೆ ಹೊಸ ಚೈನ್ ಹಾಕಿಸಿದ್ದೆ. ಹೊಸದು ತಾನೇ ಅಂತ ಅದನ್ನು ಬರೆದಿರಲಿಲ್ಲ.

ಸ್ಟೀಲ್ ಫ್ರೇಮ್:
ಅದೇ ನೋಡಿ ವಿಷಯ! ಹಳೇ ಚೈನ್ ಎಷ್ಟು ಓಡಿತ್ತು? ಅದು ಇನ್ನೂ ಮನೆಯಲ್ಲಿದೆಯಾ? ಇದ್ದರೆ ಎಳೆದು ಹಿಡಿದು ಸ್ಟೀಲ್ ಸ್ಕೇಲ್‌ನಲ್ಲಿ ಅಳೆಯಿರಿ. ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಇಡಿ. ಹೊಸ ಚೈನ್ ಆದರೆ 24 ಕೊಂಡಿ ಆಚೆಗಿನ ಪಿನ್ನು ಸರಿಯಾಗಿ 12 ಇಂಚಿಗೆ ಬಂದು ನಿಲ್ಲುತ್ತದೆ. 1/16 ಇಂಚು ದಾಟಿದ್ದರೆ ಚೈನ್ ಬದಲಾಯಿಸುವ ಹೊತ್ತು. 1/8 ದಾಟಿದ್ದರೆ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು) ಕೂಡ ಹೋಗಿದೆ ಅಂತಲೇ ಲೆಕ್ಕ.

ಹುಣಸೂರು ರಸ್ತೆ:
ಎರಡೂವರೆ ವರ್ಷ, 9,000 ಕಿ.ಮೀ. ಮೇಲೆ ಓಡಿದೆ. ಚೈನ್ ಹಳೇ ಪೇಪರಿನಲ್ಲಿ ಸುತ್ತಿ ಇಟ್ಟಿದ್ದೆ. ಅಳೆದೆ. 1/8 ಗೆರೆಯನ್ನೂ ದಾಟಿ ನಿಂತಿದೆ ಸರ್. ಮಗಳ ಕೈಯಲ್ಲಿ ಇನ್ನೊಮ್ಮೆ ಅಳೆಸಿದೆ, ಅವಳಿಗೂ ಅಷ್ಟೇ ಬಂತು.

ಸ್ಟೀಲ್ ಫ್ರೇಮ್:
ಹಾಗಾದರೆ ಕ್ಯಾಸೆಟ್ಟೇ. ಚೈನ್ ಸವೆದರೆ ಕೊಂಡಿಗಳ ನಡುವಿನ ಅಂತರ ಹೆಚ್ಚುತ್ತದೆ. ಅದರ ಜೊತೆಗೇ ಓಡಿ ಓಡಿ ಹಲ್ಲುಗಳೂ ಅದೇ ಅಳತೆಗೆ ಸವೆಯುತ್ತವೆ. ಎರಡೂ ಒಟ್ಟಿಗೆ ಮುದಿಯಾಗಿದ್ದರಿಂದ ನಿಮಗೆ ಗೊತ್ತೇ ಆಗಲಿಲ್ಲ. ಹೊಸ ಚೈನಿನ ಅಳತೆ ಬೇರೆ, ಒತ್ತಿದ ತಕ್ಷಣ ಹಲ್ಲಿನ ಬೆನ್ನೇರಿ ಹಾರುತ್ತದೆ. ನೀವು ಜಾಸ್ತಿ ಓಡಿಸುವುದು 16, 18, 21 ಅಲ್ವಾ? ಅವೇ ಸವೆದಿವೆ. 28, 32 ಅಪರೂಪಕ್ಕೆ ಬಳಸುವುದು, ಅದಕ್ಕೇ ಗಟ್ಟಿ ಇವೆ. 18ರ ಹಲ್ಲನ್ನೂ 32ರ ಹಲ್ಲನ್ನೂ ಟಾರ್ಚ್ ಹಾಕಿ ನೋಡಿ, ಒಂದು ಬದಿ ಕೊಕ್ಕೆಯ ಹಾಗೆ ಸವೆದಿದ್ದರೆ ಕಾಣುತ್ತದೆ. ಹೊಸ ಚೈನ್ ಹಾಕುವ ಮುಂಚೆ ಹಳೆಯದನ್ನು ಅಂಗಡಿಯವರು ಅಳೆಯಬೇಕಿತ್ತು. ಅರ್ಧ ನಿಮಿಷದ ಕೆಲಸ.

ಘಾಟಿ ಪ್ರಿಯ:
ಕ್ಯಾಸೆಟ್ ಸವೆದಿರಬಹುದು, ಒಪ್ಪಿದೆ. ಆದರೂ ಹ್ಯಾಂಗರ್ ಒಂದು ಸಲ ನೋಡಿಸಿ. ದುಡ್ಡು ಕೊಟ್ಟು ಹೊಸ ಕ್ಯಾಸೆಟ್ ಹಾಕಿದ ಮೇಲೂ ಗೇರ್ ಸರಿಯಾಗಿ ಬೀಳದಿದ್ದರೆ ಬೇಜಾರು.

ಹುಣಸೂರು ರಸ್ತೆ:
ಹೊಸ ಕ್ಯಾಸೆಟ್ ಬರಲು ಹತ್ತು ದಿನ ಅಂತೆ. ಮುಂದಿನ ಭಾನುವಾರ ಕ್ಲಬ್‌ನವರು ಗುಂಡ್ಲುಪೇಟೆಗೆ ಹೊರಟಿದ್ದಾರೆ. ಹಳೇ ಚೈನನ್ನೇ ಮತ್ತೆ ಹಾಕಿಕೊಂಡು ಹೋಗಬಹುದಾ?

ಕುಡ್ಲ ಸವಾರ:
ಹೋಗಬಹುದು. ಹಳೆಯದಕ್ಕೆ ಹಳೆಯದು ಹೊಂದುತ್ತದೆ.

ಡಬಲ್ ಬಾಟಲ್:
ಬೇಡ. ಅಷ್ಟು ಹಿಗ್ಗಿದ ಚೈನನ್ನು ನಂಬಿಕೊಂಡು ಗುಂಪಿನಲ್ಲಿ ಯಾಕೆ ಹೋಗಬೇಕು?

ಸ್ಟೀಲ್ ಫ್ರೇಮ್:
ಹಾಕಿ ಒಬ್ಬರೇ ಒಂದು ಏರು ಹತ್ತಿ ನೋಡಿ. ಜಾರದಿದ್ದರೆ ಹೋಗಿ, ಆದರೆ ಸಾಲಿನ ಕೊನೆಯಲ್ಲಿರಿ. ಏರಿನಲ್ಲಿ ಎದ್ದು ನಿಲ್ಲುವ ಮುಂಚೆ ಒಂದು ಗೇರ್ ಭಾರ ಮಾಡಿಕೊಳ್ಳಿ, ಹಿಂದೆ ಯಾರಾದರೂ ಇದ್ದರೆ ಕೂಗಿ ಹೇಳಿ. ಸೈಕಲ್ ಸರಿ ಇದ್ದಾಗಲೂ ಎದ್ದು ನಿಂತ ಕ್ಷಣ ಅದು ಒಂದು ಅಡಿ ಹಿಂದಕ್ಕೆ ಬಂದ ಹಾಗಾಗುತ್ತದೆ. ಭಾನುವಾರ ಹಿಂದಿದ್ದವರು ಮಣ್ಣಿಗೆ ಇಳಿಸಬೇಕಾಗಿ ಬಂದದ್ದು ನೆನಪಿರಲಿ.

ಹುಣಸೂರು ರಸ್ತೆ:
ಇವತ್ತು ಬೆಳಗ್ಗೆ ಹಳೇ ಚೈನ್ ಹಾಕಿ ಚಾಮುಂಡಿ ಬೆಟ್ಟ ಎರಡು ಸಲ ಹತ್ತಿದೆ. 18ರಲ್ಲಿ ಎದ್ದು ನಿಂತೇ ತುಳಿದೆ. ಒಂದು ಸಲವೂ ಜಾರಲಿಲ್ಲ. ಹೊಸ ಚೈನ್ ಒರೆಸಿ ಡಬ್ಬಿಗೆ ಹಾಕಿಟ್ಟಿದ್ದೇನೆ, ಕ್ಯಾಸೆಟ್ ಬಂದ ದಿನ ಎರಡನ್ನೂ ಒಟ್ಟಿಗೆ ಹಾಕಿಸುತ್ತೇನೆ. ಹಿಂದಿದ್ದವರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಘಾಟಿ ಪ್ರಿಯ:
ಒಳ್ಳೆಯದಾಯ್ತು. ಹ್ಯಾಂಗರ್?

ಹೊಸ ಸದಸ್ಯ:
ನನ್ನದೂ ಇದೇ ಸಮಸ್ಯೆ, ಏರಿನಲ್ಲಿ ಜಾರುತ್ತದೆ. ಏನು ಮಾಡಲಿ? ಅರ್ಜೆಂಟ್, ನಾಳೆ 200 ಬ್ರೆವೆ ಇದೆ.

ಸ್ಟೀಲ್ ಫ್ರೇಮ್:
ಎಷ್ಟು ಸ್ಪೀಡ್, ಯಾವ ಗೇರಲ್ಲಿ ಜಾರುತ್ತದೆ, ಚೈನ್ ಯಾವಾಗ ಬದಲಾಯಿಸಿದ್ದು?