ಮಿಗ್ ವೆಲ್ಡಿಂಗ್‌ನಲ್ಲಿ ಸ್ಪ್ರೇ ಆರ್ಕ್ ಕೂರಿಸೋದು ಹೇಗೆ? ಮಾಡಿದವರು ಹೇಳ್ರಿ

ಕೇಳಿದವರು: ಮುಧೋಳ ಕಡೆಯ ಟ್ರೇಲರ್ ಶೆಡ್

ನಮಸ್ಕಾರ್ರೀ. ನಮ್ದು ಕಬ್ಬಿನ ಟ್ರೇಲರ್ ಕಟ್ಟೋ ಶೆಡ್ ಐತ್ರಿ. 400 ಆಂಪಿನ ತ್ರೀ ಫೇಸ್ ಮಿಗ್ ಮಷಿನ್ (ವೈರ್ ತಾನ ಇಳಿದು ಗ್ಯಾಸಿನ ಮರ್ಯಾಗ ಬೆಸೆಯೋದು), 1.2 ಮಿ.ಮೀ. ವೈರ್, ಇಲ್ಲೀತನ ಬರೇ ಸಿಒಟು (ಕಾರ್ಬನ್ ಡೈಆಕ್ಸೈಡ್) ಗ್ಯಾಸ್. ಚಾಸಿಗೆ 150ರ ಸಿ ಚಾನಲ್, ಮೂಲೆಗೆ ಬಲ ಕೊಡೋ ಗಸೆಟ್ ಪ್ಲೇಟು 10 ಮಿ.ಮೀ. ಬೆಸುಗೆ ಗಟ್ಟಿ ಐತಿ, ಆದ್ರ ಸ್ಪ್ಯಾಟರ್ (ಸಿಡಿದು ಅಂಟೋ ಲೋಹದ ಗುಂಡು) ಕಾಟ ಸಾಕಾಗೇತಿ. ಒಬ್ಬ ಹುಡುಗನ ದಿನಾ ಪೂರ್ತಿ ಉಳಿ ಹಿಡಕೊಂಡು ಗುಂಡು ಕೆತ್ತೋದ್ರಾಗ ಹೋಗ್ತೈತಿ. ಸ್ಪ್ರೇದಾಗ ಹೊಡದ್ರ ಗುಂಡ ಬರಂಗಿಲ್ಲ ಅಂತಾರ. ವೋಲ್ಟ್ 34ರ ತನಕ ಏರಿಸಿ ನೋಡೇವಿ, ಗುಂಡು ಇನ್ನೂ ದಪ್ಪ ಆದ್ವು. ಸೆಟ್ಟಿಂಗ್ ಏನಿಡಬೇಕ್ರಿ?

ಪೀಣ್ಯದ ಫ್ಯಾಬ್ರಿಕೇಷನ್ ಶಾಪ್‌ನವರು

ಸಾರ್, ಮೊದಲು ಸಿಲಿಂಡರ್ ಬದಲಾಯಿಸಿ, ನಾಬ್ ಆಮೇಲೆ ನೋಡೋಣ. ಬರೀ ಸಿಒಟುನಲ್ಲಿ ಸ್ಪ್ರೇ ಬರೋದಿಲ್ಲ, ನೀವು ಯಾವ ಮಷಿನ್ ತಂದರೂ ಅಷ್ಟೇ. ಆ ಗ್ಯಾಸ್‌ನಲ್ಲಿ ವೈರಿನ ತುದಿಯ ಹನಿ ವೈರಿಗಿಂತ ದಪ್ಪವಾಗಿ ಊದಿ, ಆಚೆ ಈಚೆ ಓಲಾಡಿ ಬೀಳುತ್ತೆ. ಅದು ಗ್ಲಾಬ್ಯುಲರ್. ವೋಲ್ಟ್ ಏರಿಸಿದರೆ ಆರ್ಕ್ ಉದ್ದವಾಗಿ, ಹನಿಗೆ ಊದೋಕೆ ಇನ್ನಷ್ಟು ಸಮಯ ಸಿಗುತ್ತೆ. ನಿಮ್ಮ ಗುಂಡು ದಪ್ಪ ಆಗಿದ್ದು ಅದಕ್ಕೇ.

ಆರ್ಗಾನ್ ಹೆಚ್ಚಿರೋ ಮಿಕ್ಸ್ ಹಾಕಿ, ಕರೆಂಟು ಒಂದು ಗಡಿ ದಾಟಿತು ಅಂದ್ರೆ ವೈರಿನ ತುದಿ ಚೂಪಾಗಿ, ವೈರಿಗಿಂತ ಸಣ್ಣ ಹನಿಗಳು ಸೆಕೆಂಡಿಗೆ ನೂರಾರು ನೇರ ಕೆಳಗಿಳೀತವೆ. ಇದೇ ಸ್ಪ್ರೇ. ಕರಗಿದ ಲೋಹದ ಕೊಳಕ್ಕೆ ವೈರ್ ತಗಲೋದೇ ಇಲ್ಲ, ಹಾಗಾಗಿ ಸಿಡಿಯೋಕೆ ಏನೂ ಇಲ್ಲ. ಆ ಗಡಿ 90:10 (ಆರ್ಗಾನ್ 90, ಸಿಒಟು 10) ಮಿಕ್ಸ್‌ನಲ್ಲಿ 1.2 ವೈರಿಗೆ ಹೆಚ್ಚುಕಮ್ಮಿ 230-240 ಆಂಪ್, 0.9ಕ್ಕೆ 180ರ ಆಸುಪಾಸು. ಅದರ ಕೆಳಗೆ ವೋಲ್ಟ್ ಎಷ್ಟೇ ಕೊಟ್ಟರೂ ಗ್ಲಾಬ್ಯುಲರ್ ಬಿಟ್ಟು ಮೇಲೇಳಲ್ಲ. ಮಿಗ್‌ನಲ್ಲಿ ಕರೆಂಟು ಏರೋದು ವೈರ್ ಸ್ಪೀಡಿನಿಂದ. ವೋಲ್ಟ್ ನಾಬ್ ಆರ್ಕ್ ಉದ್ದಕ್ಕೆ. ಇದೊಂದು ತಲೆಗೆ ಹೋದರೆ ಅರ್ಧ ಕೆಲಸ ಆಯ್ತು.

ಶುರುವಿಗೆ: ವೈರ್ ನಿಮಿಷಕ್ಕೆ 9 ಮೀಟರ್, 29 ವೋಲ್ಟ್, ಗ್ಯಾಸ್ 18 ಲೀಟರ್, ಟಾರ್ಚ್ ಪಾಸಿಟಿವ್‌ಗೆ. ಬೇಡದ 10 ಮಿ.ಮೀ. ತುಂಡಿನ ಮೇಲೆ ಹೊಡೆದು ನೋಡಿ. ಇಂಡಕ್ಟೆನ್ಸ್ ನಾಬ್ (ಶಾರ್ಟ್ ಆದಾಗ ಕರೆಂಟು ಏರೋ ವೇಗ ತಡೆಯೋದು) ಇದ್ದರೆ ಮುಟ್ಟಬೇಡಿ, ವೈರ್ ಶಾರ್ಟ್ ಆಗದ ಕಡೆ ಅದಕ್ಕೆ ಕೆಲಸವಿಲ್ಲ.

ಸೌದಿಯ ಜುಬೈಲ್‌ನಿಂದ, ಮಂಗಳೂರಿನ ವೆಲ್ಡರ್

ಮೀಟರ್ ನೋಡುವುದಕ್ಕಿಂತ ಕಿವಿ ಕೊಡಿ ಮಾರಾಯ್ರೆ. ಡಿಪ್‌ನಲ್ಲಿ, ಅಂದರೆ ವೈರ್ ಕೊಳಕ್ಕೆ ತಗಲಿ ತಗಲಿ ಹನಿ ಬಿಡುವ ಶಾರ್ಟ್ ಸರ್ಕ್ಯೂಟ್ ಆರ್ಕ್‌ನಲ್ಲಿ, ಒಗ್ಗರಣೆ ಸಿಡಿದ ಹಾಗೆ ಚಟಚಟ ಇರುತ್ತದೆ. ಸ್ಪ್ರೇ ಹಿಡಿದ ಕೂಡಲೇ ಅದು ನಿಂತು ಸುಯ್ ಎಂಬ ಒಂದೇ ಶಬ್ದ. ಆದರೆ ಪೂರ್ತಿ ಸುಯ್ ಬಂತೆಂದು ಅಲ್ಲಿಗೇ ಬಿಡಬಾರದು. ವೈರ್ ಸ್ಪೀಡ್ ಹಾಗೇ ಇಟ್ಟು ವೋಲ್ಟನ್ನು ಅರ್ಧರ್ಧ ಇಳಿಸುತ್ತಾ ಬನ್ನಿ. ಆಗೊಮ್ಮೆ ಈಗೊಮ್ಮೆ ಸಣ್ಣಗೆ ಚಟ್ ಎನ್ನತೊಡಗಿದಲ್ಲಿ ನಿಲ್ಲಿಸಿ, ಹೆಚ್ಚೆಂದರೆ ಅರ್ಧ ವೋಲ್ಟ್ ವಾಪಸ್ ಏರಿಸಿ. ಆರ್ಕ್ ಗಿಡ್ಡ ಇದ್ದಷ್ಟೂ ಅಂಚು ಕಚ್ಚುವುದಿಲ್ಲ. ಉದ್ದ ಬಿಟ್ಟರೆ ನೋಡಲಿಕ್ಕೆ ಚಂದ, ಫಿಲೆಟ್‌ನ (ಮೂಲೆ ಬೆಸುಗೆಯ) ಮೇಲಂಚಿನಲ್ಲಿ ಮಾತ್ರ ಅಂಡರ್‌ಕಟ್ (ಅಂಚಿನ ಸವಕಳಿ) ಗ್ಯಾರಂಟಿ.

ವೋಲ್ಟ್ ಓದುವುದು ಆರ್ಕ್ ಉರಿಯುವಾಗ, ಟ್ರಿಗರ್ ಒತ್ತುವ ಮೊದಲಲ್ಲ. ಕೇಬಲ್ ಉದ್ದವಿದ್ದರೆ ಮಷಿನ್ ತೋರಿಸುವುದಕ್ಕಿಂತ ಆರ್ಕ್‌ನಲ್ಲಿ ಕಡಿಮೆಯೇ ಇರುತ್ತದೆ, ಅರ್ಥ್ ಕ್ಲ್ಯಾಂಪ್ ಸಡಿಲವಿದ್ದರೆ ಇನ್ನೂ ಕಡಿಮೆ. ಅದಕ್ಕೇ ಒಬ್ಬರ ಸೆಟ್ಟಿಂಗ್ ಇನ್ನೊಬ್ಬರಲ್ಲಿ ಕೂರುವುದಿಲ್ಲ. ಟಾರ್ಚನ್ನು ಎಳೆಯಬೇಡಿ, ಹತ್ತು ಡಿಗ್ರಿ ಓರೆ ಮಾಡಿ ಮುಂದಕ್ಕೆ ತಳ್ಳಿ.

ಹುಬ್ಬಳ್ಳಿಯ ಹಳೇ ವೆಲ್ಡಿಂಗ್ ಶಾಪ್‌ನವರು

ತಮ್ಮಾ, ಎಲ್ಲಾರೂ ಸ್ಪ್ರೇ ಸ್ಪ್ರೇ ಅನ್ನಾಕತ್ತಾರ. ಒಂದ ಮಾತ ನೆನಪಿಡು: ಮಲಗಿಸಿದ ಜಾಬಿಗೆ, ಮತ್ತ ಅಡ್ಡ ಫಿಲೆಟ್‌ಗೆ ಅಷ್ಟ ಸ್ಪ್ರೇ. ನಿಂತ ಜಾಯಿಂಟು, ತಲಿ ಮ್ಯಾಲಿಂದು ಹೊಡದ್ರ ಕರಗಿದ್ದು ಎಲ್ಲಾ ಜಾರಿ ನಿನ್ನ ಬೂಟಿನ ಮ್ಯಾಲ. ಬದಿ ಶೀಟು 3 ಮಿ.ಮೀ.ಕಿಂತ ತೆಳ್ಳಗ ಇರ್ತೈತಲ್ಲ, ಅದಕ್ಕೂ ಬ್ಯಾಡ, ತೂತ ಬೀಳ್ತಾವ. ಅಲ್ಲೆ ಡಿಪ್ಪಿನಾಗ ಹೊಡಿ. ಚಾಸಿ ಹೊಳ್ಳಿಸಾಕ ಒಂದು ತಿರುಗೋ ಫಿಕ್ಸ್ಚರ್ ಮಾಡ್ಕೊ. ಅದಕ್ಕ ಹಾಕೋ ರೊಕ್ಕ ಗ್ಯಾಸಿಗೆ ಹಾಕೋದಕ್ಕಿಂತ ಲಗೂನ ವಾಪಸ್ ಬರ್ತೈತಿ.

ಇನ್ನ ಗ್ಯಾಸು. 90:10 ಸ್ಪ್ರೇಕ್ಕ ಛಲೋ, ಖರೆ. ಆದ್ರ ನಮ್ಮ ಕಡೆ ಸುಲಭಾಗಿ ಸಿಗೋದು 80:20. ಒಂದ ಸಿಲಿಂಡರಿನ್ಯಾಗ ಡಿಪ್ಪೂ ಸ್ಪ್ರೇನೂ ಎರಡೂ ನಡೀಬೇಕಂದ್ರ ನಾನಂತೂ 80:20 ತರ್ತೀನಿ.

ಪೀಣ್ಯದವರು, ಮತ್ತೆ

ಯಜಮಾನ್ರೇ, 80:20ರಲ್ಲಿ ಸ್ಪ್ರೇ ಬರುತ್ತೆ, ಇಲ್ಲ ಅನ್ನಲ್ಲ. ಆದರೆ ಅದು ಅಂಚಿನ ಗ್ಯಾಸು. 1.2 ವೈರಿಗೆ 250 ಆಂಪ್ ಚೆನ್ನಾಗಿ ದಾಟಬೇಕು, ವೋಲ್ಟೂ ಒಂದೆರಡು ಜಾಸ್ತಿ ಬೇಕು, ಸ್ವಲ್ಪ ಸ್ಪ್ಯಾಟರ್ ಉಳಿದೇ ಉಳಿಯುತ್ತೆ. 75:25 ಅಂತ ಯಾರಾದರೂ ಕೊಟ್ಟರೆ ಸ್ಪ್ರೇ ಆಸೆ ಬಿಟ್ಟುಬಿಡಿ. ಇವರದು ಬರೀ ಚಾಸಿ ಕೆಲಸ ಆಗಿದ್ದರೆ ನನ್ನ ಮತ 90:10ಕ್ಕೇ.

ಇನ್ನೊಂದು, ಹಳೇ ಸಿಒಟು ರೆಗ್ಯುಲೇಟರನ್ನ ಇದಕ್ಕೆ ಹಾಕಬೇಡಿ. ಸಿಒಟು ಸಿಲಿಂಡರ್ ಒಳಗೆ ದ್ರವ ಇರುತ್ತೆ, ಒತ್ತಡ 60 ಬಾರ್ ಸುತ್ತಮುತ್ತ. ಮಿಕ್ಸ್ ಸಿಲಿಂಡರ್ ತುಂಬಿ ಬಂದಾಗ 150 ಬಾರ್ ಹತ್ತಿರ. ಆರ್ಗಾನ್ ಮಿಕ್ಸ್‌ಗೆಂದೇ ಇರೋ ರೆಗ್ಯುಲೇಟರ್, ಫ್ಲೋ ಮೀಟರ್ ಸಮೇತ ತಗೊಳ್ಳಿ. ಹೀಟರ್ ಬೇಕಿಲ್ಲ. 47 ಲೀಟರಿನ ಸಿಲಿಂಡರಿನಲ್ಲಿ ಹೆಚ್ಚುಕಮ್ಮಿ 7 ಘನ ಮೀಟರ್ ಗ್ಯಾಸ್. ನಿಮಿಷಕ್ಕೆ 18 ಲೀಟರ್ ಅಂದ್ರೆ ಆರ್ಕ್ ಉರಿಯೋ ಆರೂವರೆ ಗಂಟೆ. ಅಷ್ಟರಲ್ಲಿ ಈ ಸ್ಪೀಡಿಗೆ 30 ಕೆ.ಜಿ. ವೈರ್ ಇಳಿದಿರುತ್ತೆ. ಗ್ಯಾಸ್ ದುಬಾರಿ ಅನ್ನೋ ಮೊದಲು ಆ ಕೆತ್ತೋ ಹುಡುಗನ ಕೂಲಿ, ಗ್ರೈಂಡಿಂಗ್ ವೀಲ್ ಖರ್ಚು ಎರಡನ್ನೂ ಕೂಡಿಸಿ ನೋಡಿ.

ಕೇಳಿದವರು

ಎಲ್ಲಾರಿಗೂ ಶರಣ್ರಿ. 90:10 ತರಿಸಿದ್ವಿ. 270 ಆಂಪ್, 29 ವೋಲ್ಟಿಗೆ ಕುಂತೈತಿ. ಗುಂಡು ನಿಂತಾವ, ಬೀಡ್ (ಬೆಸುಗೆ ಗೆರಿ) ನುಣ್ಣಗ ಬರಾಕತ್ತೈತಿ. ಆದ್ರ ಎರಡು ತಕರಾರು. ಬೆಸುಗ್ಯಾಗ ಅಲ್ಲಲ್ಲಿ ಸಣ್ಣ ತೂತ, ಪಿನ್‌ಹೋಲ್ ಬೀಳ್ತಾವ. ಮತ್ತ ಸ್ವಲ್ಪ ಹೊತ್ತು ಹೊಡದ್ರ ಟಾರ್ಚ್ ಹಿಡಿಯಾಕ ಆಗದಂಗ ಕಾಯ್ತೈತಿ, ವೈರ್ ಟಾರ್ಚ್ ತುದಿಯ ಟಿಪ್ಪಿನ್ಯಾಗ ಸಿಗೇಬೀಳ್ತೈತಿ.

ಶಿವಮೊಗ್ಗ, ಮಾಚೇನಹಳ್ಳಿಯ ವೆಲ್ಡಿಂಗ್ ಇನ್‌ಸ್ಪೆಕ್ಟರ್

ಟಾರ್ಚ್ ಕಾಯುವುದು ಸಹಜ. ಸಿಒಟು ನಾಝಲ್ಲನ್ನು (ಟಾರ್ಚ್ ತುದಿಯ ಗ್ಯಾಸ್ ಬಾಯಿ) ತಂಪಾಗಿಡುವಷ್ಟು ಆರ್ಗಾನ್ ಇಡುವುದಿಲ್ಲ, ಆರ್ಕ್‌ನ ಝಳವೂ ಹೆಚ್ಚು. ಟಾರ್ಚ್ ಮೇಲೆ ಎರಡು ರೇಟಿಂಗ್ ಇರುತ್ತವೆ: ಸಿಒಟುಗೆ 300 ಆಂಪ್ ಎಂದಿರುವ ಟಾರ್ಚ್ ಮಿಕ್ಸ್‌ನಲ್ಲಿ 270 ಇರಬಹುದು, ಅದೂ 60 ಶೇಕಡಾ ಡ್ಯೂಟಿಗೆ, ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ. ನಿಮ್ಮದನ್ನು ಓದಿ ನೋಡಿ. ದಿನವಿಡೀ 270ರಲ್ಲಿ ಹೊಡೆಯುವುದಾದರೆ ದೊಡ್ಡ ಟಾರ್ಚ್ ಅಥವಾ ನೀರು ಹರಿಯುವ ಟಾರ್ಚ್ ಬೇಕು. ಟಿಪ್ಪನ್ನು ನಾಝಲ್ ಅಂಚಿಗಿಂತ 3 ಮಿ.ಮೀ. ಒಳಗೆ ಕೂರಿಸಿ, ಟಿಪ್‌ನಿಂದ ಜಾಬಿಗೆ 18-20 ಮಿ.ಮೀ. ಬಿಡಿ. ಸಿಒಟುನಲ್ಲಿ ಹತ್ತಿರ ಹಿಡಿದು ರೂಢಿಯಾದ ಕೈ ಇಲ್ಲೂ ಹಾಗೇ ಹಿಡಿದರೆ ಆರ್ಕ್ ಟಿಪ್ಪಿಗೇ ಏರುತ್ತದೆ. ಸಿಗೇಬೀಳುವುದಕ್ಕೆ ಹೆಚ್ಚಿನ ಸಲ ಕಾರಣ ಅದು, ಇಲ್ಲವೇ ಲೈನರ್‌ನಲ್ಲಿ (ವೈರ್ ಹಾದುಬರುವ ಒಳಗೊಳವೆ) ತುಂಬಿದ ಧೂಳು. ಟಿಪ್ ತೂತು ಮೊಟ್ಟೆಯಾಕಾರ ಆಗಿದ್ದರೆ ಎಸೆಯಿರಿ.

ಪಿನ್‌ಹೋಲ್ ಬಗ್ಗೆ: ಚಾನಲ್ಲಿನ ಮೇಲಿನ ಕಪ್ಪು ಮಿಲ್ ಸ್ಕೇಲ್ (ಕಾರ್ಖಾನೆಯಿಂದಲೇ ಬರುವ ಆಕ್ಸೈಡ್ ಪದರ), ತುಕ್ಕು, ಎಣ್ಣೆ, ಪ್ರೈಮರ್ ಇವನ್ನು ಸಿಒಟು ಒಂದು ಮಟ್ಟಕ್ಕೆ ಸಹಿಸುತ್ತದೆ, ಆರ್ಗಾನ್ ಮಿಕ್ಸ್ ಅಷ್ಟು ಸಹಿಸದು. ಜಾಯಿಂಟಿನ ಎರಡೂ ಬದಿ ಒಂದಿಂಚು ಗ್ರೈಂಡ್ ಮಾಡಿ. ಫ್ಯಾನ್ ಕೆಲಸದ ಕಡೆಗೆ ತಿರುಗಿದ್ದರೆ ತಿರುಗಿಸಿಡಿ. ಆದರೂ ಬಂದರೆ ಗ್ಯಾಸನ್ನು 30 ಲೀಟರಿಗೆ ಏರಿಸುವ ಚಾಳಿ ಬೇಡ. ರಭಸ ಹೆಚ್ಚಾಗಿ ಅದು ಹೊರಗಿನ ಗಾಳಿಯನ್ನೇ ಒಳಗೆಳೆಯುತ್ತದೆ.

ಕಂಪನಿಗಳಿಗೆ ಕೆಲಸ ಮಾಡುವವರಿಗೆ ಒಂದು ಮಾತು: ಎಎಸ್‌ಎಂಇ ಸೆಕ್ಷನ್ 9ರ (ಅಮೆರಿಕದ ವೆಲ್ಡಿಂಗ್ ಅರ್ಹತೆ ಕೋಡ್) ಪ್ರಕಾರ ಸ್ಪ್ರೇಯಿಂದ ಡಿಪ್‌ಗೆ, ಡಿಪ್‌ನಿಂದ ಸ್ಪ್ರೇಗೆ ಬದಲಾದರೆ ಪ್ರೊಸೀಜರ್ (ಬೆಸುಗೆ ವಿಧಾನದ ಬರಹ) ಹೊಸದಾಗಿ ಪರೀಕ್ಷೆ ಪಾಸಾಗಿ ಕ್ವಾಲಿಫೈ ಆಗಬೇಕು. ದಪ್ಪ ಪ್ಲೇಟಿನಲ್ಲಿ ಡಿಪ್ ಬೀಡ್ ಹೊರಗೆ ಚಂದ ಕಂಡು ಒಳಗೆ ಹಿಡಿಯದೇ ಇರಬಹುದು ಎಂಬುದೇ ಕಾರಣ. ಅದಕ್ಕಾಗಿಯೇ ನಿಮ್ಮ 10 ಮಿ.ಮೀ. ಗಸೆಟ್‌ಗೆ ಸ್ಪ್ರೇ ಸರಿ ಎಂದು ನಾನು ಹೇಳುವುದು, ಸ್ಪ್ಯಾಟರ್ ಮಾತು ಆಮೇಲೆ.

ಜುಬೈಲ್‌ನಿಂದ

ಹೆಲ್ಮೆಟ್‌ನ ಕಪ್ಪು ಗ್ಲಾಸ್ ಬದಲಿಸಿದ್ದೀರಾ? 270ಕ್ಕೆ ಶೇಡ್ 10 ಸಾಲುವುದಿಲ್ಲ, 12 ಹಾಕಿ. ಈ ಆರ್ಕ್‌ನಲ್ಲಿ ಹೊಗೆ ಕಡಿಮೆ, ಅದರಿಂದ ಬೆಳಕು ತಡೆಯಿಲ್ಲದೆ ಹೊಡೆಯುತ್ತದೆ. ಅಂಗಿಯ ಮೇಲಿನ ಗುಂಡಿ ಬಿಟ್ಟು ಹೊಡೆದವನ ಕುತ್ತಿಗೆ ಸಂಜೆಗೆ ಕೆಂಪು. ಪಕ್ಕದಲ್ಲಿ ಫಿಟ್‌ಅಪ್ ಮಾಡುವ ಹುಡುಗರಿಗೂ ಪರದೆ ಕಟ್ಟಿ.

ಕೇಳಿದವರು

ಇನ್ನೂ 10ನೇ ನಂಬರಿಂದ ಐತ್ರಿ, ನಾಳೆ ತರಿಸ್ತೀನಿ. ಮತ್ತ ಪಲ್ಸ್ ಮಷಿನ್ ತಗೊಂಡ್ರ ನಿಂತ ಜಾಯಿಂಟಿಗೂ ಆಗ್ತೈತಿ ಅಂತಾರ, ಖರೇನ?

ಪೀಣ್ಯದವರು

ನಿಜ. ಕರೆಂಟನ್ನ ಕ್ಷಣ ಮಾತ್ರ ಗಡಿ ದಾಟಿಸಿ, ಒಂದು ಹನಿ ಉದುರಿಸಿ ಮತ್ತೆ ಕೆಳಗಿಳಿಸುತ್ತೆ. ಸರಾಸರಿ ಕಡಿಮೆ ಇರೋದ್ರಿಂದ ಕೊಳ ಜಾರಲ್ಲ. ಆದರೆ ನಿಮ್ಮ ಕೆಲಸಕ್ಕೆ ಈಗ ಆ ದುಡ್ಡು ಹಾಕಬೇಡಿ. ಹುಬ್ಬಳ್ಳಿಯವರು ಹೇಳಿದ ತಿರುಗೋ ಫಿಕ್ಸ್ಚರ್ ಮೊದಲು ಮಾಡಿಸಿ, ಆಮೇಲೂ ನಿಂತ ಜಾಯಿಂಟು ಎಷ್ಟು ಉಳಿಯುತ್ತೆ ನೋಡಿ.